ಬಾಯಿ ಬಂದ್, ಕಿವಿ ಚಾಲೂ

ಆಗಸ್ಟ್ 4, ಸೋಮವಾರ

ಬಳ್ಳಾರಿ ನಗರದ ಸಮಸ್ತ ನಾಗರಿಕ ಬಂಧುಗಳಲ್ಲಿ ಸವಿನಯ ವಿನಂತಿ. ಸಿರುಗುಪ್ಪದ ಬಾನುಬೀ ಅವರ ಏಕೈಕ ಪುತ್ರ ಮುಬಶೀರ್ ಅವರ ಬಾಯಿಯನ್ನು ದುರಸ್ತಿ ಕಾಮಗಾರಿಯ ನಿಮಿತ್ತ ಇಂದಿನಿಂದ ಮೂರು ವಾರಗಳ ಕಾಲ ಮುಚ್ಚಲಾಗಿದೆ. ಬದಲಿ ಮಾರ್ಗ ಇರುವುದಿಲ್ಲ. ಸಾರ್ವಜನಿಕರು ಸಹಕರಿಸಬೇಕು.

ಇದನ್ನು ಮೈಕಿನಲ್ಲಿ ಹೇಳಿದ್ದರೆ ನಾಲ್ಕು ಓಣಿ ನಗುತ್ತಿತ್ತು. ಕಾಗದದ ಮೇಲೆ ಬರೆದರೆ ನಗಲಿಕ್ಕೆ ನಾನೊಬ್ಬನೇ. ಅದೂ ಸದ್ದಿಲ್ಲದೆ ನಗಬೇಕು, ಡಾಕ್ಟರ ಅಪ್ಪಣೆ.

ನಾನು ಎರ್ರಣ್ಣನ ಪ್ರಚಾರದ ಆಟೋದ ದನಿ. ಸೀರೆ ಸೇಲು, ಜೀನ್ಸ್ ಪ್ಯಾಂಟಿನ ಸೇಲು, ಹೊಸ ದವಾಖಾನೆ, ನಾಳೆ ನಲ್ಲಿ ನೀರು ಬರುವುದಿಲ್ಲ, ಎಲ್ಲವನ್ನೂ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೂಗಿದವನು. ಬೇಸಿಗೆಯಲ್ಲಿ ಒಂದು ದಿನ ಕುರುಗೋಡಿನ ಬಸ್ ಸ್ಟ್ಯಾಂಡ್ ಮುಂದೆ ‘ಬರ್ರಿ, ಬರ್ರಿ’ ಅನ್ನುವಾಗ ಎರಡನೆಯ ‘ಬರ್ರಿ’ ಹೊರಗೆ ಬರಲೇ ಇಲ್ಲ. ಗಂಟಲಿನಲ್ಲಿ ಗಂಟು ಅಂದರು. ತೆಗೆದರು. ಆಗಲೂ ಬಾಯಿ ಮುಚ್ಚಿಕೊಂಡಿರು ಎಂದೇ ಹೇಳಿದ್ದರು. ನಾಲ್ಕನೆಯ ದಿನ ತಡೆಯಲಾರದೆ ಮನೆ ಮಾಳಿಗೆಯ ಮೇಲೆ ನಿಂತು ಗ್ಯಾಸ್ ಸಿಲಿಂಡರಿನವನ ದನಿಯಲ್ಲಿ ಕೂಗಿದೆ. ಓಣಿಯ ಹೆಂಗಸರೆಲ್ಲ ಖಾಲಿ ಸಿಲಿಂಡರ್ ಉರುಳಿಸಿಕೊಂಡು ಹೊರಗೆ ಬಂದರು. ಅದ್ಭುತ ದೃಶ್ಯ. ಗಂಟೂ ತಿರುಗಿ ಬಂತು.

ಮೊನ್ನೆ ಎರಡನೆಯ ಸಲ ತೆಗೆದಾಗ ಡಾಕ್ಟರು ನಗಲಿಲ್ಲ. "ಇದು ಕಡೀದು. ಈ ಸಲ ಮಾತಾಡಿದಿ ಅಂದ್ರ ದನಿ ಮರ್ತುಬಿಡು. ಪಿಸುಪಿಸು ಅನ್ನೋದೂ ಇಲ್ಲ, ಅದು ಇನ್ನೂ ಕೆಟ್ಟದ್ದು. ಮನ್ಯಾಗ ಇರಬ್ಯಾಡ. ಮಾತಾಡ್ಸೋರು ಇಲ್ಲದ ಕಡೆ ಹೋಗಿ ಕೂಡು."

ಹಾಗಾಗಿ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಲಕ್ಷ್ಮೀಬಾಯಿ ಮೇಡಂ ಮನೆಯ ಮೇಲಿನ ಕೋಣೆಯಲ್ಲಿ ಇದ್ದೇನೆ. ಸಿರುಗುಪ್ಪದ ಸಾಲಿಯಲ್ಲಿ ನನಗೆ ಕನ್ನಡ ಕಲಿಸಿದವರು. ಬಾಗಿಲಲ್ಲೇ ಕೈಗೆ ಒಂದು ಸ್ಲೇಟು ಕೊಟ್ಟರು. "ನಿನ್ನ ಬಾಯಿ ಮುಚ್ಚಿಸಾಕ ವರ್ಷಾನುಗಟ್ಲೆ ಒದ್ದಾಡೀನಿ. ಕಡೀಗಿ ಡಾಕ್ಟರು ಗೆದ್ರು ನೋಡು," ಅಂದರು.

ಮೇಡಂ ಆಚಾರವಂತರು. ಮೂರು ವಾರ ಮಾತೂ ಇಲ್ಲ, ಮಾಂಸವೂ ಇಲ್ಲ.

ಆಗಸ್ಟ್ 6, ಬುಧವಾರ

ಬೇಸರ ಕಳೆಯಲು ಎಫ್‌ಎಂ ಹಚ್ಚಿದೆ. ಹುಡುಗಿಯೊಬ್ಬಳು "ನಿಮ್ಮ ಮೊದಲ ಪ್ರೀತಿ ಯಾರು, ಕಾಲ್ ಮಾಡಿ ಹೇಳಿ," ಅಂದಳು. ನನ್ನ ಗಂಟಲಿನಲ್ಲಿ ಮೂರು ಹೆಸರು ಎದ್ದು ನಿಂತವು. ಮನಸ್ಸಿನಲ್ಲಿ ಉತ್ತರ ಕೊಟ್ಟರೂ ಗಂಟಲು ಅಲುಗುತ್ತದಂತೆ, ಡಾಕ್ಟರು ಹೇಳಿದ್ದಾರೆ. ತಕ್ಷಣ ಬಂದ್ ಮಾಡಿದೆ.

ಹಾಗಾದರೆ ತಿಳಿಯುವ ಭಾಷೆಯೆಲ್ಲ ನನಗೆ ಅಪಥ್ಯ. ಕನ್ನಡ, ತೆಲುಗು, ಉರ್ದು, ಹಿಂದಿ ಹೋದವು. ಇಂಗ್ಲಿಷು ಅರ್ಧಂಬರ್ಧ ತಿಳಿಯುತ್ತದೆ, ಅದಕ್ಕೂ ಅರ್ಧಂಬರ್ಧ ಉತ್ತರ ಕೊಡುತ್ತೇನೆ. ಫೋನಿನಲ್ಲಿ ಒಂದು ಆ್ಯಪ್ ಸಿಕ್ಕಿತು. ಒಂದು ಭೂಗೋಳ, ಅದರ ಮೈತುಂಬ ಹಸಿರು ಚುಕ್ಕಿ, ಒಂದೊಂದು ಚುಕ್ಕಿಯೂ ಒಂದು ಊರಿನ ರೇಡಿಯೋ. ಹೆಬ್ಬೆರಳಿನಿಂದ ಭೂಮಿಯನ್ನು ಉರುಳಿಸಿದೆ. ಇಷ್ಟು ಅಧಿಕಾರ ಈವರೆಗೆ ನನಗೆ ಯಾರೂ ಕೊಟ್ಟಿರಲಿಲ್ಲ.

ಮಂಗೋಲಿಯಾದಲ್ಲಿ ಒಬ್ಬ ಹಾಡುತ್ತಿದ್ದ. ಒಂದೇ ಗಂಟಲಿನಲ್ಲಿ ಎರಡು ದನಿ ತೆಗೆಯುತ್ತಿದ್ದ. ನನಗೆ ಒಂದೂ ಇಲ್ಲ, ಅವನಿಗೆ ಎರಡು. ಹಂಚಿಕೆಯಲ್ಲಿ ಅನ್ಯಾಯವಾಗಿದೆ, ಸಂಬಂಧಪಟ್ಟವರು ಗಮನ ಹರಿಸಬೇಕು.

ಆಗಸ್ಟ್ 9, ಶನಿವಾರ

ಸಾರು ಕೊಡಲು ಮೇಲೆ ಬಂದ ಮೇಡಂ ನಿಂತು ಕೇಳಿದರು. "ಯಾವ ದೇಶದ್ದೋ ಇದು?"

ಸ್ಲೇಟಿನ ಮೇಲೆ ‘ನಾರ್ವೆ’ ಎಂದು ಬರೆದೆ.

"ಏನಂತಾನ ಅವ?"

‘ತೀವ್ರ ಬದನೆಕಾಯಿ ಅಭಾವ. ಪ್ರಧಾನಿ ಕಣ್ಣೀರು. ಎಣ್ಣೆಗಾಯಿಗೆ ಒಂದು ವಾರ ಶೋಕಾಚರಣೆ.’

ಮೇಡಂ ಕನ್ನಡಕ ಏರಿಸಿಕೊಂಡು ಓದಿದರು. "ಒಂದೂ ತಪ್ಪಿಲ್ಲ ಬರವಣಿಗ್ಯಾಗ. ಸುದ್ದಿ ಅಷ್ಟ ಸುಳ್ಳು," ಅಂದರು. ಇಳಿದು ಹೋಗುವಾಗ ಮೆಟ್ಟಿಲ ಮೇಲೆ ನಕ್ಕಿದ್ದು ಕೇಳಿಸಿತು. ಇವತ್ತಿನ ಗಳಿಕೆ ಅದು.

ಅಮ್ಮ ಫೋನು ಮಾಡುವುದಿಲ್ಲ. ಅಜರುದ್ದೀನನ ಕೈಯಲ್ಲಿ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಕಳಿಸಿದ್ದಾಳೆ. ಅಜರುದ್ದೀನ ಎರ್ರಣ್ಣನ ಆಟೋ ಓಡಿಸುವವನು, ಸಾಲಿಯಿಂದಲೂ ನನ್ನ ಎಲ್ಲ ಕಿತಾಪತಿಗಳ ಪಾಲುದಾರ. ಅಮ್ಮನ ಮಾತನ್ನು ಅವಳ ದನಿಯಲ್ಲೇ ಒಪ್ಪಿಸಿದ. "ನಾ ಮಾತಾಡಿದ್ರ ಅವ ಉತ್ತರ ಕೊಡದ ಇರಂಗಿಲ್ಲ. ಅದ್ಕ ನಾ ಫೋನ್ ಮುಟ್ಟಂಗಿಲ್ಲ ಅಂತ ಹೇಳು."

ಅವನಿಗೂ ಬೇಗ ಹೋಗಬೇಕಿತ್ತು. ಉತ್ತರ ಕೊಡದವನ ಮುಂದೆ ಎಷ್ಟು ಹೊತ್ತು ಕೂತಾನು ಪಾಪ. ಎರಡು ಸಲ "ಮತ್ತ?" ಅಂದ, ಎದ್ದ.

ಆಗಸ್ಟ್ 10, ಭಾನುವಾರ

ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಒಂದು ಚುಕ್ಕಿ. ಪೋರ್ಚುಗಲ್ಲಿಗೆ ಸೇರಿದ ದ್ವೀಪವಂತೆ. ನಮ್ಮ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅಲ್ಲಿ ಬೆಳಗಾಗುತ್ತದೆ. ಒಬ್ಬ ಹೆಂಗಸು ಬಂದು ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಕುರ್ಚಿಯ ಸದ್ದೂ ಕೇಳುತ್ತದೆ. ಏನೋ ಓದುತ್ತಾಳೆ. ಮೀನಿನ ದರವೋ, ಹಡಗಿನ ವೇಳೆಯೋ, ಯಾರದೋ ಹುಟ್ಟುಹಬ್ಬವೋ.

ಅವಳು ಕೂಗುವುದಿಲ್ಲ. ಎದುರಿಗೆ ಒಬ್ಬನೇ ಒಬ್ಬ ಕೂತಿದ್ದಾನೆ, ಅವನಿಗೆ ಹೇಳುತ್ತಿದ್ದೇನೆ ಅನ್ನುವ ಹಾಗೆ ಓದುತ್ತಾಳೆ. ವೃತ್ತಿಬಾಂಧವನಾಗಿ ನನ್ನ ಅಭಿಪ್ರಾಯ: ಎರ್ರಣ್ಣನ ಆಟೋದಲ್ಲಿ ಇವಳು ಒಂದು ದಿನವೂ ಬಾಳುವುದಿಲ್ಲ. ಮೈಕಿಗೆ ತೀರ ಹತ್ತಿರ ಕೂರುತ್ತಾಳೆ, ಕುಳ್ಳಿ ಇರಬೇಕು. ಗಿಡ್ಡಮ್ಮ ಎಂದು ನಾಮಕರಣ ಮಾಡಿದೆ. ತೊಟ್ಟಿಲಿಲ್ಲ, ಸಕ್ಕರೆಯಿಲ್ಲ, ಸರಳ ಸಮಾರಂಭ.

ಆಗಸ್ಟ್ 13, ಬುಧವಾರ

ಮಧ್ಯಾಹ್ನ ಗಿಡ್ಡಮ್ಮನಿಗಾಗಿ ಕಾಯುತ್ತಿದ್ದೆ. ಕೆಳಗಿನ ರಸ್ತೆಯಲ್ಲಿ ನಾನು ಬಂದೆ.

ಹೌದು, ನಾನೇ. ಆಟೋದ ಮೇಲಿನ ಸ್ಪೀಕರಿನಲ್ಲಿ. ಎರ್ರಣ್ಣ ನನ್ನ ಹಳೆಯ ರೆಕಾರ್ಡಿಂಗುಗಳನ್ನು ಕತ್ತರಿಸಿ ಹೊಲಿದಿದ್ದಾನೆ, ಪ್ಯಾಂಟ್ ಹೊಲಿದಂತೆ. ಸೀರೆ ಸೇಲಿನಿಂದ ‘ಬರ್ರಿ, ಬರ್ರಿ’, ದವಾಖಾನೆಯಿಂದ ‘ನುರಿತ ತಜ್ಞರಿಂದ’, ಯಾವುದೋ ಖಾನಾವಳಿಯಿಂದ ‘ಬಿಸಿಬಿಸಿ ಹೋಳಿಗಿ’. ಎಲ್ಲ ಸೇರಿ, ನುರಿತ ತಜ್ಞರಿಂದ ಬಿಸಿಬಿಸಿ ಹೋಳಿಗೆ. ನಾನೇ ಕುಳಿತು ಯೋಚಿಸಿದ್ದರೂ ಇಷ್ಟು ಚೆಂದ ಬರುತ್ತಿರಲಿಲ್ಲ. ನಗು ಒತ್ತಿಕೊಂಡು ಬಂತು, ದಿಂಬನ್ನು ಬಾಯಿಗೆ ಒತ್ತಿಕೊಂಡೆ.

ಕಿಟಕಿಯಿಂದ ಕೈಬೀಸಿದೆ. ಅಜರುದ್ದೀನ ನೋಡಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಯಿತು. ದನಿ ಬಹಳ ದೂರದವರೆಗೆ ಕೇಳುತ್ತಿತ್ತು. ಗಟ್ಟಿ ದನಿ ಅದು. ನನಗೆ ಗೊತ್ತಿರಲಿಲ್ಲ ಅಷ್ಟು ಗಟ್ಟಿ ಇತ್ತೆಂದು.

ಆಗಸ್ಟ್ 16, ಶನಿವಾರ

ಡಾಕ್ಟರು ಮಾತಾಡಬೇಡ ಅಂದಿದ್ದಾರೆ, ಬಸ್ ಹತ್ತಬೇಡ ಅಂದಿಲ್ಲ. ಬಿದ್ದುಹೋದ ಎರಡನೆಯ ‘ಬರ್ರಿ’ಯನ್ನು ಹುಡುಕಿಕೊಂಡು ಬರುವ ಅಧಿಕೃತ ಪ್ರವಾಸ ಎಂದು ಘೋಷಿಸಿ ಕುರುಗೋಡಿಗೆ ಹೋದೆ. ನಿಜ ಹೇಳಬೇಕೆಂದರೆ ಜನರ ನಡುವೆ ಕೂರಬೇಕಿತ್ತು.

ಕಂಡಕ್ಟರನಿಗೆ ಸ್ಲೇಟು ತೋರಿಸಿದೆ. ಬಸ್ಸಿನ ತುಂಬ ಸುದ್ದಿಯಾಯಿತು.

"ಮೂಗ ಅದಾನಬೇ, ಪಾಪ."

"ಹುಟ್ಟಾ ಇರ್ಬೇಕ?"

"ಮಕ ನೋಡಿದ್ರ ಪಾಪ ಅನ್ಸವಲ್ದು. ಕಳ್ಳನ ಮಕ ಐತಿ."

"ಸುಮ್ಕಿರು, ಕೇಳ್ಸೀತು."

"ಮೂಗರಿಗೆ ಕಿವೀನೂ ಇರಂಗಿಲ್ಲ."

ನಾನು ಪೂಜ್ಯ ಗಾಂಭೀರ್ಯದಿಂದ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಒಬ್ಬಾಕಿ ಕೈಯಲ್ಲಿ ಎರಡು ಬಾಳೆಹಣ್ಣು ಇಟ್ಟಳು. ತಿಂದೆ. ಪಾತ್ರಕ್ಕೆ ಅನ್ಯಾಯ ಮಾಡಬಾರದು.

ಕುರುಗೋಡು ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತಾಗ ಆಟೋ ಅಲ್ಲಿಗೂ ಬಂತು. ಬರ್ರಿ, ಬರ್ರಿ. ಚಹಾದ ಉಜ್ಜಿನಪ್ಪ ಪಾತ್ರೆಯಿಂದ ತಲೆಯೆತ್ತದೆ ಬೈದ. "ಈ ಮಗನ ಬಾಯಿ ಮುಚ್ಚೋರು ಯಾರೂ ಇಲ್ಲೇನು?"

ಪಕ್ಕದ ಮುದುಕ ಅಂದ. "ಇರ್ಲಿ ಬಿಡೋ. ಆ ದನಿ ಬಂತಂದ್ರ ಊರಾಗ ಏನೋ ನಡದೈತಿ ಅನಸ್ತೈತಿ. ನಡುವ ಒಂದೀಟು ದಿನ ಬಂದಿದ್ದಿಲ್ಲ ನೋಡು, ಸತ್ತನೇನೋ ಅಂದ್ಕಂಡಿದ್ದೆ." ನನ್ನ ಕಡೆ ತಿರುಗಿದ. "ಹೌದಲ್ಲೇನಪಾ?"

ತಲೆ ಆಡಿಸಿದೆ.

ಇದಕ್ಕಿಂತ ಒಳ್ಳೆಯ ಪ್ರಸಂಗ ನನ್ನ ಜೀವಮಾನದಲ್ಲಿ ಸಿಕ್ಕಿಲ್ಲ. ಅಜರುದ್ದೀನನನ್ನು ಇಡೀ ರಾತ್ರಿ ನಗಿಸುವಷ್ಟು ಸರಕು. ಸ್ಲೇಟಿನ ಮೇಲೆ ಬರೆದು ತೋರಿಸಬಹುದು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಅದು ನಗೆಯ ಹಾಗೆ ಅನ್ನಿಸಲಿಲ್ಲ. ಬಹುಶಃ ಬಾಳೆಹಣ್ಣು ಕಳಿತು ಹೋಗಿದ್ದವು.

ಆಗಸ್ಟ್ 18, ಸೋಮವಾರ

ಗಿಡ್ಡಮ್ಮನ ದನಿ ಸರಿಯಿಲ್ಲ.

ವಾಕ್ಯದ ಕೊನೆಯಲ್ಲಿ ದನಿ ಸೀಳುತ್ತಿದೆ. ಎರಡೆರಡು ಮಾತಿಗೆ ಗಂಟಲು ಕೆರೆಯುತ್ತಾಳೆ. ನೀರು ಕುಡಿಯುತ್ತಾಳೆ, ಲೋಟ ಇಡುವ ಸದ್ದು ಬರುತ್ತದೆ. ಕೇಳುವವರಿಗೆ ನೆಗಡಿ ಅನ್ನಿಸಬಹುದು. ನನಗೆ ಗೊತ್ತು. ಬೇಸಿಗೆಯಲ್ಲಿ ನಾನೂ ಹೀಗೇ ಕೆರೆಯುತ್ತಿದ್ದೆ, ಎರ್ರಣ್ಣ ಕಲ್ಲುಸಕ್ಕರೆ ಕೊಡುತ್ತಿದ್ದ, ನಾನು ಅದನ್ನು ಚೀಪುತ್ತ ಇನ್ನೂ ಜೋರಾಗಿ ಕೂಗುತ್ತಿದ್ದೆ.

ಅವಳಿಗೆ ಅಲ್ಲಿ ಯಾರೂ ಹೇಳುವವರಿಲ್ಲವೇ? ದ್ವೀಪದಲ್ಲಿ ಕಿವಿ ಇರುವವರು ಯಾರೂ ಇಲ್ಲವೇ?

ಆಗಸ್ಟ್ 20, ಬುಧವಾರ

ಆ ಸ್ಟೇಷನ್ನಿನ ಪುಟದಲ್ಲಿ ಮೆಸೇಜ್ ಕಳಿಸುವ ಜಾಗವಿತ್ತು. ಬೆಳಗಿನಿಂದ ಬರೆದೆ, ಅಳಿಸಿದೆ. ಮೊದಲು ಬರೆದದ್ದು: ‘ಭಾರತ ಸರ್ಕಾರದ ಗಂಟಲು ಇಲಾಖೆಯ ಎಚ್ಚರಿಕೆ.’ ಚೆನ್ನಾಗಿಯೇ ಇತ್ತು. ಓದಿದವರು ಯಾರೋ ಚೇಷ್ಟೆ ಮಾಡಿದ್ದಾರೆ ಎಂದು ಬಿಟ್ಟುಬಿಟ್ಟರೆ ಎಂದು ಅಳಿಸಿದೆ.

ಕೊನೆಗೆ ಇಷ್ಟು ಉಳಿಯಿತು: ‘ಅಕ್ಕಾ, ನಿಮ್ಮ ದನಿಗೆ ಏನೋ ಆಗಿದೆ. ನನಗೂ ಆಗಿತ್ತು. ಡಾಕ್ಟರಿಗೆ ತೋರಿಸಿರಿ. ಅಲ್ಲಿಯವರೆಗೆ ಮಾತಾಡಬೇಡಿರಿ. ಮುಬಶೀರ್, ಬಳ್ಳಾರಿ.’ ಫೋನು ಅದನ್ನು ಅವರ ಭಾಷೆಗೆ ತಿರುಗಿಸಿತು. ಏನೆಂದು ತಿರುಗಿಸಿತೋ ದೇವರಿಗೇ ಗೊತ್ತು. ಕಳಿಸಿದೆ.

ಉತ್ತರ ಇಲ್ಲ.

ಆಗಸ್ಟ್ 21, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗಿಡ್ಡಮ್ಮ ಬಂದಳು. ಕುರ್ಚಿ, ಕಾಗದ, ಲೋಟ. ಓದತೊಡಗಿದಳು. ದನಿ ನಿನ್ನೆಗಿಂತ ಕೆಟ್ಟಿತ್ತು. ಅರ್ಧ ಮಾತಿನಲ್ಲಿ ಕೆಮ್ಮು ಬಂತು, ಮತ್ತೆ ಶುರು ಮಾಡಿದಳು, ಗಾಳಿ ಮಾತ್ರ ಹೊರಟಿತು. ಮತ್ತೊಮ್ಮೆ. ಆಮೇಲೆ ಏನೂ ಇಲ್ಲ. ಮೈಕ್ ತೆರೆದೇ ಇತ್ತು, ಅವಳು ಉಸಿರಾಡುವುದು ಕೇಳುತ್ತಿತ್ತು. ಹಾಡು ಹಾಕುವವರಿಲ್ಲ, ಬದಲಿಗೆ ಬರುವವರಿಲ್ಲ.

ನಮ್ಮ ಕಸುಬಿನಲ್ಲಿ ಎರ್ರಣ್ಣ ಮೊದಲ ದಿನವೇ ಕಲಿಸುವ ಪಾಠ ಒಂದು: ಮೈಕ್ ಖಾಲಿ ಬಿಡಬಾರದು. ಮಾತು ಮರೆತರೆ ಊರಿನ ಹೆಸರನ್ನಾದರೂ ಹೇಳು, ಆದರೆ ಖಾಲಿ ಬಿಡಬೇಡ. ಖಾಲಿ ಮೈಕ್ ಕೇಳಿದರೆ ನನಗೆ ಮೈ ಮೇಲೆ ಮುಳ್ಳು ಏಳುತ್ತವೆ. ಇವತ್ತೂ ಎದ್ದವು. ಬಾಯಿ ತೆರೆದದ್ದು ನನಗೆ ಗೊತ್ತಾಗಲಿಲ್ಲ.

"ಕೇಳುಗರೇ, ತಾಂತ್ರಿಕ ಅಡಚಣೆಗಾಗಿ ಕ್ಷಮಿಸಿ. ಕಾರ್ಯಕ್ರಮ ಮುಂದುವರಿಯಲಿದೆ," ಅಂದೆ.

ಜೋರಾಗಿ ಅಂದೆ. ಅಟ್ಲಾಂಟಿಕ್ ಸಾಗರದ ಪರವಾಗಿ, ಬ್ರೂಸ್‌ಪೇಟೆಯ ನಾಲ್ಕು ಗೋಡೆಗಳಿಗೆ.

ಆ ದನಿ ನನ್ನದಲ್ಲ. ಯಾರೋ ಹಿಂದೆ ನಿಂತು ಅಂದರು ಅಂದುಕೊಂಡು ತಿರುಗಿ ನೋಡಿದೆ. ಅಲ್ಲಿ ಹಾಡು ಶುರುವಾಯಿತು. ಇಲ್ಲಿ ನಾನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಇನ್ನು ನಾಲ್ಕು ದಿನ ಇತ್ತು. ಬರೀ ನಾಲ್ಕು ದಿನ.

ಆಗಸ್ಟ್ 22, ಶುಕ್ರವಾರ

ಮೇಡಂ ಕೇಳಿದರು. "ನಿನ್ನೆ ಯಾರೋ ಬಂದಿದ್ರಲ್ಲ? ಯಾರೋ ದೊಡ್ಡವ್ರ ದನಿ ಕೇಳ್ತು."

‘ರೇಡಿಯೋ’ ಎಂದು ಬರೆದೆ.

"ಕನ್ನಡ ಇದ್ದಂಗಿತ್ತು?"

ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದೆ. ಮತ್ತೆ ಒರೆಸಿದೆ. ಮೇಡಂ ತಟ್ಟೆ ಇಟ್ಟು ಹೋದರು. ತಿರುಗಿ ಬಂದು ಬಿಸಿನೀರಿನ ಫ್ಲಾಸ್ಕ್ ಇಟ್ಟರು.

ಗಿಡ್ಡಮ್ಮನ ಜಾಗದಲ್ಲಿ ಇವತ್ತು ಒಬ್ಬ ಗಂಡಸು ಓದಿದ. ಅವಳೂ ಯಾವುದೋ ಕೋಣೆಯಲ್ಲಿ ಬಾಯಿ ಮುಚ್ಚಿ ಕುಳಿತಿರಬೇಕು. ತನಗೆ ತಿಳಿಯದ ಭಾಷೆಯ ರೇಡಿಯೋ ಹುಡುಕುತ್ತಿರಬಹುದು. ಇತ್ತ ಕಡೆ ಭೂಮಿ ಉರುಳಿಸಿದರೆ ಕನ್ನಡದ ಚುಕ್ಕಿಗಳೂ ಇವೆ.

ಆಗಸ್ಟ್ 23, ಶನಿವಾರ

ಏನೂ ಕೇಳಲಿಲ್ಲ. ಫೋನು ಬಂದ್.

ಆಗಸ್ಟ್ 25, ಸೋಮವಾರ

ಡಾಕ್ಟರು ಗಂಟಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. "ಈ... ಅನ್ನು," ಅಂದರು. ಅಂದೆ. ಗುರುವಾರದ ದನಿಯೇ ಬಂತು. ಕೆಳಗೆ ಎಲ್ಲೋ ಬಾವಿಯಿಂದ, ಒರಟಾಗಿ.

"ನಡುವ ಮಾತಾಡಿದೇನು?"

ನೆಲ ನೋಡಿದೆ. ಹೌದು ಅಂದೆ. ಒಮ್ಮೆ.

ಅವರು ಪರದೆಯನ್ನು ಮತ್ತೆ ನೋಡಿದರು. "ಗಾಯ ಮಾದೈತಿ. ಒಂದ್ ಮಾತಿಗಿ ಏನೂ ಆಗಿಲ್ಲ. ಆದ್ರ ಎರಡ್ ಸಲ ಕೊಯ್ದ ಜಾಗ ಅದು, ಮೊದ್ಲಿನಂಗ ಆಗಂಗಿಲ್ಲ. ಇನ್ನ ಇದ ನಿನ್ ದನಿ. ಮಾತಾಡು, ಕೂಗಬ್ಯಾಡ. ಮೈಕ್ ಹಿಡಿದು ಬೀದಿ ಸುತ್ತೋದು ಸಾಕು."

ಅಲ್ಲಿಂದ ನೇರವಾಗಿ ಎರ್ರಣ್ಣನ ಅಂಗಡಿಗೆ ಹೋದೆ. "ಎರ್ರಣ್ಣಾ," ಅಂದೆ. ಅವನು ಗಿರಾಕಿ ಬಂದರೆಂದು ಎದ್ದು ನಿಂತ. ನಾನೆಂದು ತಿಳಿದ ಮೇಲೆ ಕುರ್ಚಿಯಲ್ಲಿ ಕುಸಿದ.

"ಈ ದನಿಗಿ ಸೀರಿ ಯಾರು ಕೊಳ್ತಾರಲೇ?"

ಬೇರೆ ದಿನವಾಗಿದ್ದರೆ ಏನಾದರೂ ಅನ್ನುತ್ತಿದ್ದೆ. ಅವನಿಗೂ ಪಾಪ, ಕಣ್ಣು ತೇವವಾಗಿತ್ತು. ಕಣ್ಣೊರೆಸಿಕೊಂಡು ಅಂದ. "ನಿನ್ ಹಳೇ ದನಿ ನಂತಾವ ಬೇಕಾದಷ್ಟು ಐತಿ. ಕತ್ತರಿಸಿ ಹಚ್ಚಿದ್ರ ಐದಾರು ವರ್ಷ ಓಡ್ತೈತಿ. ಇನ್ನೊಂದು ಆಟೋ ತರಾಕ್ಹತ್ತೀನಿ. ನೀ ಓಡಸ್ತಿ ಏನು?"

ನನ್ನ ದನಿಯನ್ನು ಹಿಂದೆ ಕೂರಿಸಿಕೊಂಡು ಊರೂರು ಸುತ್ತುವ ಕೆಲಸ. ನಾಳೆ ಹೇಳುತ್ತೇನೆ ಅಂದೆ.

ಅದೇ ದಿನ, ಸಂಜೆ

ಕೋಣೆಗೆ ಬಂದು ಅಮ್ಮನಿಗೆ ಫೋನು ಮಾಡಿದೆ. ಮೂರು ವಾರದ ಮೇಲೆ ಮೊದಲ ಸಲ.

"ಹಲೋ," ಅಂದೆ. "ಹೆಂಗದೀ?"

"ಯಾರ್ರೀ ಇದು? ಇದು ನನ್ ಮಗನ ಫೋನು. ನಿಮ್ ಕೈಯಾಗ ಹೆಂಗ ಬಂತು?"

ಸ್ವಂತ ತಾಯಿಗೇ ಗುರುತು ಸಿಗದ ದನಿ, ಕೈಯಲ್ಲಿ ಫೋನು. ನಾಲ್ಕು ತಿಂಗಳ ಹಿಂದೆ ಯಾರಾದರೂ ಇದನ್ನು ಕೊಟ್ಟಿದ್ದರೆ ನಾನು ಕರೆಂಟ್ ಬಿಲ್ಲಿನ ಸಾಹೇಬನಾಗಿ, ರೇಷನ್ ಇನ್ಸ್‌ಪೆಕ್ಟರನಾಗಿ ಅವಳನ್ನು ಅರ್ಧ ಗಂಟೆ ಓಡಾಡಿಸುತ್ತಿದ್ದೆ. ಇವತ್ತು ಬಿಟ್ಟುಬಿಟ್ಟೆ. ಬೆಳಗಿನಿಂದ ಉಂಡಿರಲಿಲ್ಲ, ಅದಕ್ಕಿರಬೇಕು.

"ಅಮ್ಮಾ, ನಾನು. ಮುಬಶೀರ್."

"ಸುಳ್ಳು ಹೇಳಬ್ಯಾಡ್ರಿ ಯಪ್ಪಾ. ಅವ್ನಿಗೇನಾಗೈತಿ ಹೇಳ್ರಿ. ಯಾವ ದವಾಖಾನ್ಯಾಗ ಅದಾನ?" ಅವಳ ದನಿ ಒಡೆಯುತ್ತಿತ್ತು. ಹಿಂದೆ ಯಾರನ್ನೋ ಕೂಗಿದಳು.

"ಏನೂ ಆಗಿಲ್ಲಮ್ಮಾ. ನಾನ ಮಾತಾಡಾಕ್ಹತ್ತೀನಿ. ಮೊನ್ನೆ ಗುರೆಳ್ಳು ಚಟ್ನಿಪುಡಿ ಕಳಿಸಿದ್ದಿ. ಉಪ್ಪು ಕಡಿಮಿ ಇತ್ತು."

"ಅದನ್ನ ಅವ ನಿಮಗ ಹೇಳಿರ್ಬೇಕು."

ಮೊದಲಿನ ದನಿ ಇದ್ದಿದ್ದರೆ ಕೂಗಿ ನಂಬಿಸುತ್ತಿದ್ದೆ. ಇದರಲ್ಲಿ ಕೂಗಲು ಬರುವುದಿಲ್ಲ. ಡಾಕ್ಟರನ್ನು ಬಿಟ್ಟರೆ ಯಾರಿಗೂ ಹೇಳದಿದ್ದುದನ್ನು ಮೆಲ್ಲಗೆ ಹೇಳಿದೆ.

"ಅಮ್ಮಾ, ಗುರುವಾರ ನಾ ಮಾತಾಡಿಬಿಟ್ಟೆ. ಕೋಣ್ಯಾಗ ಯಾರೂ ಇದ್ದಿಲ್ಲ. ಯಾವ್ದೋ ದೇಶದ ರೇಡಿಯೋ ಕೇಳ್ತಿದ್ದೆ. ಓದಾಕಿ ದನಿ ನಿಂತುಹೋತು. ಮೈಕ್ ಖಾಲಿ ಇತ್ತು. ತಡಕೊಳ್ಳಾಕ ಆಗ್ಲಿಲ್ಲ. ಅವ್ರ ಪರವಾಗಿ ನಾ ಕ್ಷಮಿಸಿ ಅಂದೆ."

"ಯಾರಿಗೆ ಅಂದಿ?"

"ಯಾರಿಗೂ ಇಲ್ಲ. ಗೋಡಿಗಿ."

ಆ ಕಡೆ ಮೂಗು ಏರಿಸಿದ ಸದ್ದು.

"ಹಂಗಾರ ನೀನ," ಅಂದಳು. "ಇಂಥಾ ಕೆಲ್ಸ ಭೂಮಿ ಮ್ಯಾಲ ಇನ್ಯಾರು ಮಾಡ್ಯಾರು."

"ದನಿ ಹೋತಮ್ಮಾ."

"ಹೋಗ್ಲಿ. ನಾಳೆ ಮೊದಲ್ನೇ ಬಸ್ಸಿಗೆ ಮನಿಗಿ ಬಾ."

ಆಮೇಲೆ ಅವಳು ಮಾತಾಡತೊಡಗಿದಳು. ಮೂರು ವಾರ ಕಟ್ಟಿಟ್ಟಿದ್ದು ಎಲ್ಲ. ಮಾಳಿಗೆ ಸೋರಿದ್ದು, ಎದುರುಮನೆಯ ಫರ್ಹತ್‌ಗೆ ಗಂಡು ಗೊತ್ತಾದದ್ದು, ಎಮ್ಮೆ ಹಾಲು ಕಡಿಮೆ ಮಾಡಿದ್ದು, ಗ್ಯಾಸ್ ಸಿಲಿಂಡರಿನವನು ನಿಜವಾಗಿ ಬಂದು ಕೂಗಿದರೂ ಓಣಿಯಲ್ಲಿ ಈಗ ಯಾರೂ ಹೊರಗೆ ಬರದಿರುವುದು. ನಾನು ಕಿಟಕಿಗೆ ಒರಗಿ ಕೇಳುತ್ತ ಕುಳಿತೆ. ನಡುವೆ ಒಂದು ಮಾತೂ ಹಾಕಲಿಲ್ಲ.

ಒಮ್ಮೆ ಅವಳಿಗೆ ಅನುಮಾನ ಬಂತು. "ಅದೀ ಇಲ್ಲೋ?"

"ಅದೀನಿ," ಅಂದೆ.